ಮಣೂಕದ ನಡುವೆ ಇಟ್ಟ ಸೀಸೆ

"ಎರಡ ದಿನ ಇದನ್ನ ಎಲ್ಲಿಟ್ಟಿದ್ರಿ?"

ಸುಮಂಗಲಾ ಕೇಳಿದ ಧಾಟಿ ಪ್ರಶ್ನೆಯದ್ದಾಗಿರಲಿಲ್ಲ. ಉತ್ತರ ಮೊದಲೇ ಗೊತ್ತಿದ್ದು, ಶಿಕ್ಷೆ ಮಾತ್ರ ಬಾಕಿ ಇರುವವರ ಧಾಟಿ ಅದು.

ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ ಯುವಕ ಹೆಗಲ ಮೇಲಿನ ಥರ್ಮಾಕೋಲ್ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

"ಮೊದಲ ಒಂದ ಗ್ಲಾಸ್ ನೀರ ಕೊಡ್ರಿ. ಮೂರ ಮಾಳಗಿ ಹತ್ತಿ ಬಂದೇನಿ."

"ಲಿಫ್ಟ್ ಐತಲ್ಲ."

"ಲಿಫ್ಟಿನ್ಯಾಗ ನಿಮ್ಮ ದೊಡ್ಡ ಡಾಕ್ಟರ್ ಒಬ್ರು ಇದ್ರು. ಡಬ್ಬಿ ನೋಡಿ, ಇದರಾಗ ಯಾರದು ಏನೈತಿ ಅಂತ ಕೇಳಿದ್ರು. ನಾ ಇಳದಬಿಟ್ಟೆ."

ಸುಮಂಗಲಾಗೆ ನಗು ಬಂತು. ಬಂದ ನಗುವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿದಳು. ವಿಜಯಪುರದ ಆ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಹುಡುಗಿ ಸಾಮಾನು ತರುವವನ ಎದುರು ಮೊದಲ ದಿನವೇ ನಕ್ಕರೆ, ಮುಂದೆ ಎಲ್ಲ ಸಾಮಾನೂ ತಡವಾಗಿಯೇ ಬರುತ್ತದೆ ಎಂದು ಅವಳಿಗೆ ಯಾರೋ ಹಿರಿಯರು ಹೇಳಿಕೊಟ್ಟಿದ್ದರು.

"ಶುಕ್ರವಾರ ಬರಬೇಕಾಗಿದ್ದು ಸೋಮವಾರ ಬಂದೈತಿ."

"ಶುಕ್ರವಾರ ಸಂಜಿಮುಂದನ ಬಂದಿದ್ನಿರಿ. ನಿಮ್ಮ ಲ್ಯಾಬಿಗೆ ಕೀಲಿ. ಫೋನ್ ಹಚ್ಚಿದ್ರ ನೀವ ಎತ್ತಲಿಲ್ಲ. ವಾಚ್‌ಮನ್ ತನ್ನ ಫ್ರಿಜ್ಜಿನ್ಯಾಗ ಇಡು ಅಂದ. ತಗದ ನೋಡಿದ್ರ ಅದರಾಗ ಮೀನ."

"ಅದಕ್ಕ?"

"ತಿಕೋಟಾಕ್ಕ ಒಯ್ದು ನಮ್ಮ ದೋಸ್ತನ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಿದ್ದೆ. ಮಣೂಕದ್ದು."

ಮಣೂಕ ಎಂದರೆ ಒಣದ್ರಾಕ್ಷಿ. ತಿಕೋಟಾದ ಸುತ್ತ ಬೆಳೆದ ದ್ರಾಕ್ಷಿಯೆಲ್ಲ ಒಣಗಿ, ಪೆಟ್ಟಿಗೆ ಸೇರಿ, ಒಳ್ಳೆಯ ಬೆಲೆಯ ಕನಸು ಕಾಣುತ್ತ ದೊಡ್ಡ ದೊಡ್ಡ ತಂಪು ಗೋದಾಮುಗಳಲ್ಲಿ ಮಲಗಿರುತ್ತದೆ.

ಸುಮಂಗಲಾ ಡಬ್ಬಿಯ ಮುಚ್ಚಳ ತೆಗೆದಳು. ಹಿಮದ ಚೀಲಗಳ ನಡುವೆ ಹೆಬ್ಬೆರಳಿನಷ್ಟು ಸೀಸೆ. ಜೊತೆಗೆ, ತಪ್ಪಿಸಿಕೊಳ್ಳಲಾಗದ ಹಾಗೆ, ಸಿಹಿಯಾದ ದ್ರಾಕ್ಷಿಯ ವಾಸನೆ.

'ಅಯ್ಯೋ ದೇವರೇ... ನನ್ನ ಆಂಟಿಬಾಡಿ ಪಾಯಸಕ್ಕೆ ಹೊರಟಿತ್ತಾ?'

"ನಾಲ್ಕ ಡಿಗ್ರಿ ಇರತೈತ್ರಿ ಅಲ್ಲೆ," ಎಂದ ಅವನು, ಅವಳ ಮುಖ ನೋಡಿ. "ನಿಮ್ಮ ಡಬ್ಬಿ ಮ್ಯಾಲೂ ಎರಡರಿಂದ ಎಂಟು ಅಂತ ಬರದೈತಿ. ಗಡ್ಡಿ ಕಟ್ಟಸಬಾರದು ಅಂತನೂ ಬರದೈತಿ."

"ಓದಾಕ ನನಗೂ ಬರತೈತಿ. ನಿಮ್ಮ ಹೆಸರೇನು?"

"ಕಂಪ್ಲೇಂಟ್ ಮಾಡಾಕೋ, ಸುಮ್ನೋ?"

"ಸುಮ್ನ."

"ಸಮ್ಯಕ್. ಬಿಜ್ಜರಗಿಯಾಂವ."

ನೀರು ಕುಡಿದು, ಗ್ಲಾಸನ್ನು ತಾನೇ ತೊಳೆದಿಟ್ಟು ಮೆಟ್ಟಿಲಿಳಿದ. ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದ ಆ ದನಿಗೆ ಇಂಥದೊಂದು ಮುಖ ಇರಬಹುದೆಂದು ಸುಮಂಗಲಾ ಎಣಿಸಿರಲಿಲ್ಲ. ಹೇಗಿರಬಹುದೆಂದು ಎಣಿಸಿದ್ದಳು ಎಂಬುದನ್ನು ತನಗೂ ಹೇಳಿಕೊಳ್ಳಲಿಲ್ಲ.

---

ಆ ಸೀಸೆಯ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಒಂದು ಚಮಚದಷ್ಟೂ ಇಲ್ಲದ ನೀರಿಗಾಗಿ ಇಷ್ಟು ರಂಪವೇ ಎಂದು ನೀವು ಕೇಳುತ್ತೀರಿ.

ನಮ್ಮ ಮೈಯಲ್ಲಿ ಮ್ಯಾಕ್ರೋಫೇಜ್ ಎಂಬ ಕೋಶಗಳಿವೆ. ಗಾಯವಾದಲ್ಲಿ ಮುತ್ತಿ, ಕೊಳೆತದ್ದನ್ನು ತಿಂದು ಜಾಗ ಚೊಕ್ಕಟ ಮಾಡುವವು. ಅವುಗಳಲ್ಲಿ ಗಾಯ ಮಾಯಿಸುವ ಬಗೆಯವು ಮೈಮೇಲೆ ಸಿಡಿ 163 ಎಂಬ ಗುರುತು ಹೊತ್ತಿರುತ್ತವೆ. ಸೀಸೆಯಲ್ಲಿದ್ದ ಆಂಟಿಬಾಡಿ ಆ ಗುರುತಿಗೆ ಮಾತ್ರ ಅಂಟಬೇಕು. ಅದರ ಬೆನ್ನಿಗೊಂದು ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಯಂತ್ರದ ಬೆಳಕಿಗೆ ಹೊಳೆದದ್ದನ್ನು ಎಣಿಸಿದರೆ, ಗಾಯದಲ್ಲಿ ಮಾಯಿಸುವವರು ಎಷ್ಟಿದ್ದಾರೆ ಎಂದು ತಿಳಿಯುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಕೆಲವರಿಗೆ ಮಾಯುತ್ತದೆ, ಕೆಲವರಿಗೆ ಮಾಯುವುದಿಲ್ಲ. ಯಾಕೆ? ಸುಮಂಗಲಾಳ ಸಂಶೋಧನೆಯೆಲ್ಲ ಈ 'ಯಾಕೆ'ಯ ಸುತ್ತ.

ಇದನ್ನೆಲ್ಲ ಅವಳು ಸಮ್ಯಕ್‌ನಿಗೂ ಹೇಳಿದಳು. ಅವನೇ ಕೇಳಿದ್ದ.

ಎರಡನೆಯ ಸಲ ಬಂದಾಗ ಕೇಳಿದ್ದು. ಬೇರೇನೋ ರಾಸಾಯನಿಕ ತಂದವನು, ಬಾಗಿಲಲ್ಲೇ ನಿಂತು, "ನಮ್ಮ ಮುತ್ಯಾಂದು ಹಿಂಗ ಹುಣ್ಣಾಗಿ ಕಾಲಬೆರಳ ತಗದ್ರು. ನಿಮ್ಮ ಸೀಸೆದಾಗಿಂದ ಅಂಥಾದ್ದೇನರ ಗೊತ್ತಾಗತೈತೇನ್ರಿ?" ಎಂದ.

ಅವನ ಅಜ್ಜನ ಹುಣ್ಣಿನಿಂದಲೇ ಶುರು ಮಾಡಿ ಸುಮಂಗಲಾ ಹೇಳುತ್ತ ಹೋದಳು. ಅವನು ಕೇಳುತ್ತ ಹೋದ. ನಡುವೆ ಬಾಯಿ ಹಾಕಲಿಲ್ಲ, ಫೋನು ನೋಡಲಿಲ್ಲ, ಗೊತ್ತಿದ್ದವನ ಹಾಗೆ ತಲೆ ಅಲ್ಲಾಡಿಸಲಿಲ್ಲ. ಕೊನೆಗೆ, "ಅಂದ್ರ, ಮುತ್ಯಾನ ಕಾಲಾಗ ರಿಪೇರಿಯವ್ರು ಬಂದಿದ್ದಿಲ್ಲ. ಬರೇ ಕಸ ಹೊಡಿಯವ್ರ ಬಂದಿದ್ರು," ಎಂದ.

'ನನ್ನ ಸಂಶೋಧನಾ ಸಮಿತಿಯ ಪ್ರೊಫೆಸರಿಗೆ ಇದು ಇನ್ನೂ ತಿಳಿದಿಲ್ಲವಲ್ಲ...' ಎಂದುಕೊಂಡಳು ಸುಮಂಗಲಾ.

ಆಮೇಲೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ದಿನ ಚಹಾ. ಇನ್ನೊಂದು ದಿನ ಅದೇ ಅಂಗಡಿಯಲ್ಲಿ ಚಹಾದ ಜೊತೆ ಮಿರ್ಚಿ. ಮೂರನೆಯ ಸಲ ಇಬ್ಬರಿಗೂ ಆ ಕಡೆ ಕೆಲಸವಿರಲಿಲ್ಲ. ಇಬ್ಬರೂ ಕೆಲಸವಿದೆ ಎಂದು ಹೇಳಿಕೊಂಡು ಬಂದಿದ್ದರು.

"ಆ ಸೀಸೆ ಉಪಯೋಗಿಸಿದ್ರೇನ್ರಿ?" ಕೇಳಿದ ಅವನು.

"ಇನ್ನೂ ಇಲ್ಲ. ಪೇಶಂಟ್ ಸಿಗಬೇಕು, ಅವರು ಹೂಂ ಅನ್ನಬೇಕು."

"ಮಣೂಕದ ವಾಸನಿ ಹೋತೋ ಇಲ್ಲೋ?"

"ಡಬ್ಬಿದು ಹೋತು. ನನ್ನ ತಲ್ಯಾಗಿಂದ ಹೋಗಿಲ್ಲ."

ಅವನು ನಕ್ಕ. ಅವಳ ಮಾತಿನಲ್ಲಿ ಒಂದು ಸಣ್ಣ ಮುಳ್ಳು ಇನ್ನೂ ಉಳಿದಿತ್ತು ಎಂಬುದು ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

---

ಪ್ರಯೋಗದ ದಿನ ಬಂತು.

ಗಾಯದ ಚೂರುಗಳಿಂದ ಕೋಶಗಳನ್ನು ಬಿಡಿಸಿ, ಆಂಟಿಬಾಡಿ ಬೆರೆಸಿ, ತೊಳೆದು, ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಚುಕ್ಕಿಗಳು ಮೂಡತೊಡಗಿದವು.

ಎಲ್ಲವೂ ಹೊಳೆದವು.

ಹುಣ್ಣು ಮಾಯುತ್ತಿದ್ದವರದೂ ಹೊಳೆಯಿತು, ಮಾಯದವರದೂ ಹೊಳೆಯಿತು. ಮ್ಯಾಕ್ರೋಫೇಜ್ ಎಂಬ ಮ್ಯಾಕ್ರೋಫೇಜೆಲ್ಲ ದೀಪಾವಳಿಯ ಅಂಗಡಿಯಂತೆ ಒಂದೇ ಸಮ ಹೊಳೆಯಿತು. ಎಲ್ಲರೂ ಪಾಸಾದ ಪರೀಕ್ಷೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಸುಮಂಗಲಾ ಸೀಸೆಯನ್ನು ಕೈಗೆತ್ತಿಕೊಂಡು ನೋಡಿದಳು. ಬಿಸಿ ತಾಗಿದ ಆಂಟಿಬಾಡಿ ಮುದ್ದೆಗಟ್ಟಿ ಸಿಕ್ಕಸಿಕ್ಕಲ್ಲಿ ಅಂಟುತ್ತದೆ ಎಂದು ಓದಿದ್ದಳು. ಗಾಯದ ಚೂರುಗಳನ್ನು ಮತ್ತೆ ಕೊಡಿ ಎಂದು ಯಾರ ಕಾಲು ಹಿಡಿಯುವುದು?

ಸಂಜೆ ಬಬಲೇಶ್ವರದಿಂದ ಅವ್ವ ಸೋನಾಬಾಯಿಯ ಫೋನು. ಊರಿನ ಸುದ್ದಿಯೆಲ್ಲ ಆದ ಮೇಲೆ ಸುಮಂಗಲಾ ಸುಮ್ಮನೆ ಕೇಳಿದಳು: "ಅವ್ವಾ, ಹೋದ ತಿಂಗಳ ಕರೆಂಟೂ ಇಲ್ಲ, ನಿನ್ನ ಫೋನೂ ಹತ್ತವಲ್ದು ಅಂತ ಬೈದಿದ್ದೆಲ್ಲ, ಅವತ್ತ ಯಾವ ವಾರ?"

"ಶನಿವಾರ ಬೇ. ಇಡೀ ದಿನ ಕರೆಂಟ್ ಇದ್ದಿಲ್ಲ, ನಮ್ಮ ಕಡಿನೂ ಇಲ್ಲ, ತಿಕೋಟಾದ ಕಡಿನೂ ಇಲ್ಲ. ನಿಮ್ಮಪ್ಪ ಬಸ್ ಹೊಡಕೊಂಡ ಆ ಕಡಿಯಿಂದನ ಬಂದಿದ್ದ, ಎಲ್ಲಾ ಬಂದ್ ಅಂದ. ಯಾಕ?"

"ಏನಿಲ್ಲ..."

ಸೀಸೆ ಮಣೂಕದ ಗೋದಾಮಿನಲ್ಲಿದ್ದದ್ದು ಅದೇ ಶನಿವಾರ.

'ನಾಲ್ಕು ಡಿಗ್ರಿಯಂತೆ. ಎಷ್ಟು ಸಲೀಸಾಗಿ ಹೇಳಿದ... ಆಮೇಲೆ ಚಹಾ ಕುಡಿಯುತ್ತ ಅದಕ್ಕೇ ನಕ್ಕ. ನಾನೂ ನಕ್ಕೆನಲ್ಲ.'

ಅವಳಿಗೆ ಬಂದ ಸಿಟ್ಟಿನಲ್ಲಿ ಸೀಸೆಯ ಪಾಲು ಕಾಲು ಭಾಗ. ಉಳಿದದ್ದು ನಕ್ಕಿದ್ದರ ಪಾಲು. ಅದೇ ಸಿಟ್ಟಿನಲ್ಲಿ ಸಾಮಾನು ಕಳಿಸುವ ಹುಬ್ಬಳ್ಳಿಯ ಕಂಪನಿಗೆ ಮೇಲ್ ಬರೆದಳು: ತಲುಪಿಸುವವನು ಸೀಸೆಯನ್ನು ಕರೆಂಟಿಲ್ಲದ ಖಾಸಗಿ ಗೋದಾಮಿನಲ್ಲಿಟ್ಟು ಕೆಡಿಸಿದ್ದಾನೆ, ಬದಲಿ ಕಳಿಸಿ. ವಿಭಾಗದ ಎಲ್ಲರಿಗೂ ಅದರ ಪ್ರತಿ ಹೋಯಿತು.

ಕಂಪನಿ ತಕ್ಷಣ ಕ್ಷಮೆ ಕೇಳಿತು. ಸಮ್ಯಕ್‌ನನ್ನು ಕೆಲಸದಿಂದ ತೆಗೆಯಿತು.

---

ಖಾಲಿ ಡಬ್ಬಿಗಳನ್ನು ಒಯ್ಯಲು ಅವನು ಕೊನೆಯ ಸಲ ಬಂದ. ಸುಮಂಗಲಾ ಬಾಗಿಲಲ್ಲಿ ನಿಂತಳು. ಅವನು ಏನಾದರೂ ಕೂಗಾಡಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು.

"ನಾ ಸುಳ್ಳ ಬರದಿಲ್ಲ," ಎಂದಳು ತಾನೇ ಮೊದಲಾಗಿ.

"ಸುಳ್ಳಂತ ನಾನೂ ಅಂದಿಲ್ರಿ."

"ಆ ಶನಿವಾರ ತಿಕೋಟಾದಾಗ ಕರೆಂಟ್ ಇರಲಿಲ್ಲ. ಖರೇನೋ, ಅಲ್ಲೋ?"

"ಖರೇ."

"ಮತ್ತ?"

ಸಮ್ಯಕ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದ.

"ಬರಿಯೂಕಿಂತ ಮೊದಲ ಈ 'ಮತ್ತ' ಅಂದಿದ್ರ ಹೇಳ್ತಿದ್ದೆ. ಬರದಮ್ಯಾಗ ಏನ ಹೇಳಿದ್ರೂ ಅದು ತಪ್ಪಿಸಿಕೊಳ್ಳೂ ಮಾತ ಆಗತೈತಿ." ಅವಳ ಮುಖ ನೋಡಿದ. "ನನ್ನ ನಂಬಬೇಕಂತ ಏನಿದ್ದಿಲ್ರಿ. ಕೇಳಬಹುದಾಗಿತ್ತು."

ಅಷ್ಟೇ. ಮೂರು ಮಾಳಿಗೆ ಇಳಿದು ಹೋದ. ಮೆಟ್ಟಿಲ ಮೇಲೆ ಖಾಲಿ ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು ಬಹಳ ಹೊತ್ತು ಕೇಳಿಸಿತು. ಅಥವಾ ಅವಳಿಗೆ ಹಾಗನ್ನಿಸಿತು.

---

ಬದಲಿ ಸೀಸೆಯನ್ನು ಹೊಸ ಹುಡುಗನೊಬ್ಬ ಲಿಫ್ಟಿನಲ್ಲಿ ತಂದ. ಹೇಳಿದ ದಿನ, ಹೇಳಿದ ಹೊತ್ತಿಗೆ. ಸಹಿ ಮಾಡಿಸಿಕೊಂಡು ಹೋದ. ಯಾರ ಮುತ್ಯಾನ ಸುದ್ದಿಯೂ ಇಲ್ಲ.

ಆಸ್ಪತ್ರೆಯವರ ಕಾಲು ಹಿಡಿದು ಹೊಸ ಚೂರುಗಳನ್ನು ತಂದು ಸುಮಂಗಲಾ ಮತ್ತೆ ಪ್ರಯೋಗಕ್ಕೆ ಕುಳಿತಳು.

ಮತ್ತೆ ಎಲ್ಲವೂ ಹೊಳೆದವು.

ಒಂದೇ ಸಮ. ಅಚ್ಚುಕಟ್ಟಾಗಿ. ದೀಪಾವಳಿಯ ಅದೇ ಅಂಗಡಿ.

ಅವಳು ಪರದೆಯ ಮುಂದೆ ಹಾಗೇ ಕುಳಿತಳು. ಹುಬ್ಬಳ್ಳಿಯಿಂದ ಹಿಮದಲ್ಲೇ ಹೊರಟು ಹಿಮದಲ್ಲೇ ಬಂದ ಸೀಸೆ ಇದು. ಇದಕ್ಕೆ ಯಾವ ಗೋದಾಮಿನ ಗಾಳಿಯೂ ತಾಗಿಲ್ಲ. ಹಾಗಾದರೆ...

'ಹಾಗಾದರೆ, ಎರಡೂ ಸಲ ಬದಲಾಗದೆ ಇದ್ದದ್ದು ಒಂದೇ. ನನ್ನ ಕೈ.'

ಅವಳ ಮಾರ್ಗದರ್ಶಿ ನಜಮಾ ಮೇಡಂ ಬೆನ್ನ ಹಿಂದೆ ಬಂದು ನಿಂತರು. ಚಹಾದ ಕಪ್ಪಿನ ಮೇಲಿಂದ ಪರದೆ ನೋಡಿದರು.

"ಖಾಲಿ ಆಂಟಿಬಾಡಿ ಹಾಕಿದ ಟ್ಯೂಬ್ ಎಲ್ಲೈತಿ, ಬೇಟಾ?"

ಅದೇ ಬಣ್ಣ ಹೊತ್ತ, ಆದರೆ ಯಾವ ಗುರುತನ್ನೂ ಹಿಡಿಯದ ಆಂಟಿಬಾಡಿಯೊಂದು ಇರುತ್ತದೆ. ಅದು ಹೊಳೆಯಬಾರದು. ಹೊಳೆದರೆ ಎಲ್ಲೋ ಮೋಸವಿದೆ ಎಂದರ್ಥ. ಗಾಯದ ಚೂರು ಚಿಕ್ಕದು, ಕೋಶಗಳು ಕಡಿಮೆ ಎಂದು ಸುಮಂಗಲಾ ಆ ಟ್ಯೂಬನ್ನೇ ಇಟ್ಟಿರಲಿಲ್ಲ.

ಉಳಿದಿದ್ದ ಕೋಶಗಳಿಗೆ ಅದನ್ನು ಹಾಕಿ ನೋಡಿದಳು. ಹೊಳೆಯಿತು. ಬೀಗದ ಕೈ ಸಿಕ್ಕ ಹಾಗೆ ಅವಳಿಗೆ ಎಲ್ಲವೂ ತೆರೆಯಿತು.

ಮ್ಯಾಕ್ರೋಫೇಜ್‌ನ ಮೈಮೇಲೆ ಆಂಟಿಬಾಡಿಗಳ ಬಾಲ ಹಿಡಿಯುವ ಕೊಂಡಿಗಳಿರುತ್ತವೆ. ಯಾವ ಆಂಟಿಬಾಡಿ ಬಂದರೂ, ಗುರುತು ಪರಿಚಯ ಕೇಳದೆ, ಬಾಲ ಹಿಡಿದು ಎಳೆದುಕೊಳ್ಳುತ್ತವೆ. ಅದಕ್ಕೇ ಮೊದಲು ಬಣ್ಣವಿಲ್ಲದ ಸಾದಾ ಆಂಟಿಬಾಡಿ ಸುರಿದು ಆ ಕೊಂಡಿಗಳನ್ನೆಲ್ಲ ತುಂಬಿಸಬೇಕು. ಮದುವೆಯಲ್ಲಿ ಊಟ ತಡವಾದಾಗ ಹುಡುಗರ ಕೈಗೆ ಚುರಮುರಿ ಕೊಟ್ಟು ಕೂರಿಸಿದ ಹಾಗೆ. ಆಮೇಲೆ ಅಸಲಿ ಆಂಟಿಬಾಡಿ.

ಅವಳು ಈ ಹೆಜ್ಜೆಯನ್ನೇ ಬಿಟ್ಟಿದ್ದಳು. ಅವರ ಪ್ರಯೋಗಾಲಯದಲ್ಲಿ ಬಹಳ ವರ್ಷ ನಡೆದದ್ದು ಬೇರೆ ಬಗೆಯ ಕೋಶಗಳ ಕೆಲಸ. ಅವಕ್ಕೆ ಇಂಥ ಕೊಂಡಿಗಳ ಕಾಟವಿಲ್ಲ. ಗೋಡೆಗೆ ಅಂಟಿಸಿದ್ದ ಕೆಲಸದ ವಿಧಾನವೂ ಆ ಕಾಲದ್ದೇ. ಹಳಬರು ಅದನ್ನೇ ನೋಡಿ ಮಾಡಿದ್ದರು, ಅವಳೂ ಅದನ್ನೇ ನೋಡಿ ಮಾಡಿದ್ದಳು.

ಮರುದಿನ ಸಾದಾ ಆಂಟಿಬಾಡಿ ಮೊದಲು ಸುರಿದಳು. ಆಮೇಲೆ, ಹೊಸ ಸೀಸೆಯನ್ನು ಬಿಟ್ಟು, ಹಳೆಯದನ್ನು ತೆಗೆದಳು. ಸಮ್ಯಕ್ ತಂದದ್ದನ್ನು.

ಖಾಲಿ ಟ್ಯೂಬು ಕತ್ತಲಾಗಿಯೇ ಉಳಿಯಿತು. ಹುಣ್ಣು ಮಾಯುತ್ತಿದ್ದವರ ಕೋಶಗಳು ಹೊಳೆದವು. ಮಾಯದವರಲ್ಲಿ ಅಲ್ಲೊಂದು ಇಲ್ಲೊಂದು.

ಸೀಸೆಗೆ ಏನೂ ಆಗಿರಲಿಲ್ಲ.

ವರ್ಷಗಟ್ಟಲೆ ಕಾದ ಉತ್ತರ ಕಣ್ಣೆದುರಿಗಿತ್ತು. ಸುಮಂಗಲಾಗೆ ಅದು ಕಾಣಿಸಲಿಲ್ಲ, ಕಣ್ಣು ತುಂಬಿಕೊಂಡಿತ್ತು.

"ಬಂತಲ್ಲ ಬೇಟಾ, ಇಷ್ಟ ಚಂದ ಬಂದೈತಿ. ಅಳೂದ್ಯಾಕ?" ಎಂದರು ನಜಮಾ ಮೇಡಂ.

"ಮೇಡಂ, ನಾ ಒಬ್ಬರ ಕೆಲಸ ಕಳದೇನಿ."

ಮೇಡಂ ಸ್ಟೂಲೊಂದನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. "ಯಾರೋ ಒಬ್ಬರದೋ, ನಿನಗ ಬೇಕಾದವ್ರದೋ?"

ಸುಮಂಗಲಾ ಸೀಸೆಯ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟಳು. ಮೇಡಂ ಮತ್ತೆ ಕೇಳಲಿಲ್ಲ.

---

ವಿಭಾಗದ ವಾರದ ಸಭೆಯಲ್ಲಿ ಎದ್ದು ನಿಂತು ಹೇಳಿದಳು: ಸೀಸೆ ಕೆಟ್ಟಿರಲಿಲ್ಲ, ಕೆಟ್ಟದ್ದು ನನ್ನ ಪ್ರಯೋಗ. ಕಂಪನಿಗೂ ಹಾಗೆಯೇ ಬರೆದು, ಮ್ಯಾನೇಜರಿಗೆ ಫೋನ್ ಮಾಡಿದಳು.

"ನಿಮ್ಮ ಮೇಲ್ ನೋಡಿ ವಾಪಸ್ ಕರದ್ವಿ ಮೇಡಂ. ಬರಂಗಿಲ್ಲ ಅಂದ. ಸೋಲಾಪುರದಾಗ ಯಾವುದೋ ಕೋಲ್ಡ್ ಸ್ಟೋರೇಜ್ ನೋಡಕೊಳ್ಳಾಕ ಹೊಂಟಾನಂತ. ಸೋಮವಾರ ಹೋಗ್ತೇನಿ ಅಂದ."

ಅಂದು ಶನಿವಾರ.

ಅವನ ನಂಬರಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮೇಡಂಗೆ ಒಂದು ಮಾತು ಹೇಳಿ, ಕೋಟು ಕಳಚಿಟ್ಟು, ತಿಕೋಟಾದ ಬಸ್ಸು ಹತ್ತಿದಳು. ಸೋಲಾಪುರವೇನು ಸಮುದ್ರದಾಚೆ ಇಲ್ಲ. ಆದರೆ ಸಿಟ್ಟಿನಿಂದ ಊರು ಬಿಟ್ಟವನಿಗೆ ಎರಡು ತಾಸಿನ ದಾರಿಯೂ ಬೇಕಾದಷ್ಟು ದೂರ.

ಗೋದಾಮಿನ ಕಚೇರಿಯಲ್ಲಿ ಯಾಸೀನ ಕುಳಿತಿದ್ದ. ಸಮ್ಯಕ್‌ನ ದೋಸ್ತ, ಗೋದಾಮು ಅವನ ಮಾವನದು.

"ನೀವ ಆ ಮೇಲ್ ಮೇಡಂ ಏನ್ರಿ?"

ಅವಳ ಕಿವಿ ಬಿಸಿಯಾಯಿತು. "ಹೌದು."

"ಭಾಳ ದಿನದಿಂದ ನಿಮ್ಮನ್ನ ನೋಡಬೇಕಂತ ಇದ್ದೆ. ನಮ್ಮ ಗೋಡೌನ್ ಕರೆಂಟಿಲ್ಲದ ಗೋಡೌನಂತ ಬರದೀರಂತ. ನಮ್ಮ ಮಾಮು ಓದ್ಯಾನೇನಂದ್ರ ಎದಿ ಒಡದ ಸಾಯ್ತಾನ. ಆ ದೊಡ್ಡ ಜನರೇಟರ್ ಏನ, ಫೋಟೋ ತಗಸ್ಕೊಳ್ಳಾಕ ಇಟ್ಟೀವಿ? ಆ ಶನಿವಾರ ಮುಂಜಾನಿಂದ ಗಡಗಡ ಅಂತಿತ್ತು. ಇಷ್ಟ ಮಣೂಕ ಕೆಟ್ರ ಮಾಮು ನನ್ನ ಇಡ್ತಾನೇನು, ತನ್ನ ಮಗಳನ್ನರ ನನ್ನ ಹತ್ರ ಬಿಡ್ತಾನೇನು?"

"ತಪ್ಪಾತ್ರಿ. ಅದನ್ನ ಹೇಳಾಕ ಬಂದೇನಿ."

ಯಾಸೀನನಿಗೆ ಇನ್ನೂ ಬಹಳ ಮಾತಿತ್ತು. ಅವಳ ಮುಖ ನೋಡಿ ನುಂಗಿಕೊಂಡ. ಗೂಟದಿಂದ ಹಳೆಯ ಉಣ್ಣೆಯ ಶಾಲೊಂದನ್ನು ತೆಗೆದುಕೊಟ್ಟ.

"ಒಳಗ ಅದಾನ. ಹೊತಗೊಂಡ ಹೋಗ್ರಿ. ಅಲ್ಲೆ ತಂಪಿಗೆ ನೀವೂ ಸೆಟದ ನಿಂತ್ರ ನಾ ಮಂದಿಗೆ ಏನ ಹೇಳ್ಲಿ."

---

ದಪ್ಪ ಬಾಗಿಲು ತೆರೆದಾಗ ತಂಪು ಮುಖಕ್ಕೆ ಬಡಿಯಿತು. ಸಾಲುಸಾಲು ಪೆಟ್ಟಿಗೆ. ದೂರದಲ್ಲೊಂದು ಬಲ್ಬು. ಅದರ ಕೆಳಗೆ ಸಮ್ಯಕ್, ಪೆಟ್ಟಿಗೆಗಳನ್ನು ಸರಿಸುತ್ತಿದ್ದವನು, ತಿರುಗಿ ನೋಡಿದ.

"ಯಾಕ ಬಂದ್ರಿ?"

"ಸೀಸೆ ಚಲೋ ಐತಿ. ತಪ್ಪು ನಂದು."

"ಕಂಪನಿಯವ್ರು ಹೇಳಿದ್ರು. ಆತಲ್ಲ, ಮುಗೀತು. ಹೊರಗ ನಡೀರಿ, ನಡಗಾಕತ್ತೀರಿ."

"ಎಲ್ಲಾರ ಮುಂದನೂ ಹೇಳೇನಿ. ಮೀಟಿಂಗಿನ್ಯಾಗ."

"ಯಾಕ? ಕಂಪನಿಗೆ, ನನಗ ಹೇಳಿದ್ರ ಸಾಕಾಗಿತ್ತು."

"ಬರದದ್ದು ಎಲ್ಲಾರಿಗೂ ಕಾಣಂಗ ಬರದಿದ್ದೆ."

ಅವನು ಪೆಟ್ಟಿಗೆಯ ಮೇಲಿಂದ ಕೈ ತೆಗೆದ.

"ಆ ಶನಿವಾರ ಏನಾತು, ಹೇಳ್ರಿ," ಎಂದಳು ಅವಳು. ಹಲ್ಲು ಕಟಕಟ ಅನ್ನುತ್ತಿತ್ತು. "ತಡಾ ಆಗೇತಿ, ಗೊತ್ತೈತಿ. ಆದ್ರೂ ಕೇಳಾಕತ್ತೇನಿ."

"ಯಾಸೀನ ಹೇಳಿರಬೇಕಲ್ಲ."

"ಅಂವ ಜನರೇಟರಿಂದು ಹೇಳಿದ. ನಿಮ್ಮದು ನೀವ ಹೇಳ್ರಿ."

ಸಮ್ಯಕ್ ಬಲ್ಬಿನ ಕಡೆ ನೋಡುತ್ತ ಹೇಳಿದ: "ಕರೆಂಟ್ ಹೋತು ಅಂತ ಸುದ್ದಿ ಬಂತು. ಬಿಜ್ಜರಗಿಯಿಂದ ಇಲ್ಲಿಗೆ ಬಂದೆ. ಜನರೇಟರ್ ನಡುವ ನಿಂತ್ರ, ಅಂತ ಹಿಮದ ಚೀಲ ಬಗಲಾಗ ಇಟಗೊಂಡ ಕುಂತೆ. ನಿಲ್ಲಲಿಲ್ಲ. ಸಂಜಿಮುಂದ ಕರೆಂಟ್ ಬಂತು. ಅವತ್ತ ಅಕ್ಕನ ಕೂಸಿಗೆ ಹೆಸರಿಡೂದಿತ್ತು. ಹೋಗಾಕ ಆಗಲಿಲ್ಲ. ಅಕ್ಕ ಇನ್ನೂ ಮಾತಾಡವಲ್ಲಳು."

"ಒಂದ ಸೀಸೆ ಸಲುವಾಗಿ?"

"ಸೀಸೆ ಸಲುವಾಗಿ ಯಾರ ಕುಂಡ್ರತಾರ್ರಿ." ಅವನ ದನಿ ಇಳಿಯಿತು. "ನೀವ ದಿನಾ ಫೋನ್ ಹಚ್ಚಿ ಬಂತೇನ್ರಿ, ಬಂತೇನ್ರಿ ಅಂತಿದ್ರಿ. ಆಗಿನ್ನೂ ನಿಮ್ಮ ಮುಖಾನೂ ನೋಡಿದ್ದಿಲ್ಲ. ಆ ದನಿಗೆ ಕೆಟ್ಟಹೋತು ಅಂತ ಹೆಂಗ ಹೇಳ್ಲಿ, ಅನಿಸ್ತು."

ಸುಮಂಗಲಾ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅಷ್ಟು ತಂಪಿನಲ್ಲಿ ಕಣ್ಣೀರು ಮಾತ್ರ ಬಿಸಿಯಾಗಿತ್ತು.

"ನೀವ ಹೋದಮ್ಯಾಗ..." ಎಂದಳು. ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. "ನೀವ ಹೋದಮ್ಯಾಗ ಮೆಟ್ಟಲ ಸಪ್ಪಳಾದಾಗೆಲ್ಲಾ ಹೊರಗ ಬಂದ ನೋಡ್ತಿದ್ದೆ. ಹೊಸಾ ಹುಡುಗ ಲಿಫ್ಟಿನ್ಯಾಗ ಬರ್ತಾನ ಅಂತ ಗೊತ್ತಿದ್ರೂ."

ಅವನು ಒಂದು ಹೆಜ್ಜೆ ಮುಂದೆ ಬಂದ.

"ಸೋಲಾಪುರಕ್ಕ ಹೊಂಟಿದ್ದು ಕೆಲಸಕ್ಕೋ, ಸಿಟ್ಟಿಗೋ?" ಕೇಳಿದಳು.

"ಸಿಟ್ಟಿಗೆ."

"ಎಷ್ಟ ಉಳದೈತಿ?"

"ಈ ತಂಪಿನ್ಯಾಗೂ ಇಳದಿದ್ದಿಲ್ಲ." ಸಮ್ಯಕ್ ಅವಳ ನಡುಗುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಈಗ ಹುಡಕಿದ್ರೂ ಸಿಗವಲ್ದು. ನಡೀರಿ, ಹೊರಗ ಹೋಗೂಣು."

---

ಹೊರಗೆ ಬಿಸಿಲು ಧಾರಾಳವಾಗಿತ್ತು. ಜೀಪುಗಳು ನಿಲ್ಲುವ ಕಡೆ, ಬೇವಿನ ಮರದ ಕಟ್ಟೆಯ ಮೇಲೆ ಕುಳಿತರು. ಅವಳು ಬಬಲೇಶ್ವರಕ್ಕೆ ಹೋಗಿ ಅವ್ವ ಅಪ್ಪನನ್ನು ನೋಡಿ ಬರುತ್ತೇನೆಂದಳು. ಅವನು ಮ್ಯಾನೇಜರಿಗೆ ಫೋನ್ ಮಾಡಿ ಸೋಮವಾರ ಕೆಲಸಕ್ಕೆ ಬರುತ್ತೇನೆಂದ.

"ಅವ್ವಗ ಏನಂತ ಹೇಳ್ಲಿ?" ಕೇಳಿದಳು ಸುಮಂಗಲಾ.

"ಯಾವುದರ ಬಗ್ಗೆ?"

"ಗೊತ್ತಿಲ್ಲದಂಗ ಮಾಡಬ್ಯಾಡ್ರಿ."

ಸಮ್ಯಕ್ ಕಟ್ಟೆಯ ಮೇಲೆ ನೆಟ್ಟಗೆ ಕುಳಿತ.

"ನೀವೇನೂ ಹೇಳಬ್ಯಾಡ್ರಿ. ನಾನ ಬಂದು ಹೇಳ್ತೇನಿ. ಅವ್ವಾರ, ನಿಮ್ಮ ಮಗಳು ನನ್ನ ಕೆಲಸ ಕಳದ್ಳು. ಹಂಗಿದ್ರೂ ಅಕಿನ್ನ ಬಿಟ್ಟ ಇರಾಕ ಆಗವಲ್ದು. ಇದಕ್ಕ ಏನರ ಔಷಧ ಐತೇನು ನೋಡ್ರಿ ಅಂತ."

"ಹಿಂಗ ಹೇಳಿದ್ರ ಅವ್ವ ಮೊದಲ ಊಟಕ್ಕ ಹಾಕ್ತಾಳ. ಆಮ್ಯಾಲೆ ಬೈತಾಳ."

"ಊಟಾ ಆದಮ್ಯಾಲೆ ಬೈಸ್ಕೊಳ್ಳಾಕ ನಾ ತಯಾರದೀನಿ."

"ಯಾವಾಗ ಬರ್ತೀರಿ?"

"ಇವತ್ತ ಬಂದ್ರ ನಡಿತೈತೇನು?"

ಸುಮಂಗಲಾ ಅವನನ್ನು ನೋಡಿದಳು. ಹೂಂ ಎನ್ನಲು ಬಾಯಿ ಬೇಕಾಗಲಿಲ್ಲ.

ಜೀಪೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಒಳಗೆ ಜನ, ಹಿಂದೆ ಜನ, ಮೇಲೆ ಎರಡು ಆಡು. ಡ್ರೈವರ್ ತಲೆ ಹೊರಗೆ ಹಾಕಿದ.

"ಬಬಲೇಶ್ವರ, ಬಬಲೇಶ್ವರ... ಬರ್ರಿ ಅಕ್ಕಾರ, ಒಂದ ಸೀಟ್ ಐತಿ."

"ಹೋಗಣ್ಣಾ," ಎಂದಳು ಸುಮಂಗಲಾ. "ನಾವ ಇಬ್ರದೀವಿ."

ಜೀಪು ಹೋಯಿತು. ಧೂಳು ಇಳಿಯಿತು.

"ಇನ್ನೊಂದು ಬರಾಕ ಒಂದ ತಾಸರ ಬೇಕು," ಎಂದ ಸಮ್ಯಕ್.

"ಆಗಲಿ ಬಿಡ್ರಿ," ಎಂದಳು ಅವಳು, ನೆರಳು ಸರಿದ ಕಡೆಗೆ, ಅವನ ಹತ್ತಿರಕ್ಕೆ ಸರಿಯುತ್ತ. "ಅಕ್ಕನ ಕೂಸಿಗೆ ಏನ ಹೆಸರಿಟ್ರು, ಹೇಳ್ರಿ."